ದೇಶ ಸಾಲಕ್ಕೆ ಸಿಕ್ಕಿಬಿದ್ದರೆ ಯಾವ ದಾರಿ? ಕಾಫಿ ಕಣದಲ್ಲಿ ನಿಂತು ಮಾಡಿದ ಒಂದು ಹೋಲಿಕೆ

ಜನವರಿ ತಿಂಗಳು. ನಮ್ಮ ಕಣದ ತುಂಬ ರೊಬಸ್ಟಾ ಚೆರ್ರಿ. ಇಬ್ಬನಿ ಆರಿದ ಮೇಲೆ ಟಾರ್ಪಾಲ್ ಸರಿಸಿ, ಮರದ ಹಲಗೆಯಿಂದ ಸಾಲು ಸಾಲಾಗಿ ಎಳೆದು ತಿರುವಿ ಹಾಕಬೇಕು. ಒಣಗಿದೆಯಾ ಅಂತ ನೋಡಲು ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು. ಒಳಗೆ ಬೀಜ ಗಲಗಲ ಅಂದರೆ ಮೂಟೆ ಕಟ್ಟಬಹುದು. ಅಷ್ಟು ಹೊತ್ತಿಗೆ ಬೇಲಿಯ ಆಚೆಯಿಂದ ಯಾರಾದರೂ ಕೂಗುತ್ತಾರೆ: "ಇವತ್ತು ಲಂಡನ್ ಎಷ್ಟು?"

ಸುಂಟಿಕೊಪ್ಪದ ಹತ್ತಿರ ಎಂಟು ಎಕರೆ ತೋಟದಲ್ಲಿ ನಿಂತು ಲಂಡನ್ ಕೇಳುವುದು ನಮಗೆ ಹೊಸದಲ್ಲ. ರೊಬಸ್ಟಾ ಬೆಲೆ ಲಂಡನ್ ಮಾರುಕಟ್ಟೆಯಲ್ಲಿ, ಅರೇಬಿಕಾ ಬೆಲೆ ನ್ಯೂಯಾರ್ಕ್‌ನಲ್ಲಿ ನಿಲ್ಲುತ್ತದೆ. ಅದರ ಮೇಲೆ ಡಾಲರ್ ದರ, ಅದರ ಮೇಲೆ ಔಟ್‌ಟರ್ನ್ (ಮೂಟೆ ಚೆರ್ರಿಯಲ್ಲಿ ಎಷ್ಟು ಬೀಜ ಸಿಗುತ್ತದೆ ಅನ್ನುವ) ಲೆಕ್ಕ, ಆಮೇಲೆ ನಮ್ಮ 50 ಕೆಜಿ ಮೂಟೆಗೆ ಇಷ್ಟು ಅಂತ.

ಈ ಸಲ ನನ್ನ ತಂಗಿಯ ಮಗ ಬಂದಿದ್ದ. ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಾನೆ. ಹಲಗೆ ಎಳೆಯುತ್ತಲೇ ಕೇಳಿದ. "ದೊಡ್ಡಮ್ಮ, ಒಂದು ದೇಶ ದಿವಾಳಿ ಆಗೋದನ್ನ ತಡೆಯೋಕೆ ಐಎಂಎಫ್ ಬೇಕಾ, ಬಂಡವಾಳಕ್ಕೆ ಕಡಿವಾಣ ಬೇಕಾ, ದೇಶಗಳಿಗೇ ಒಂದು ದಿವಾಳಿ ಕಾನೂನು ಬೇಕಾ? ಪುಸ್ತಕದಲ್ಲಿ ಎಲ್ಲದಕ್ಕೂ ಲಾಭ ಐದು, ನಷ್ಟ ಐದು ಅಂತ ಬರೆದಿದ್ದಾರೆ. ಆರಿಸೋದು ಹೇಗೆ?"

ಐಎಂಎಫ್ ಅಂದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿ, ಕಷ್ಟಕ್ಕೆ ಸಿಕ್ಕ ದೇಶಗಳಿಗೆ ಸಾಲ ಕೊಡುವ ಸಂಸ್ಥೆ. ಲಾಭ ಐದು ನಷ್ಟ ಐದು ಅಂತ ಬರೆದರೆ ಅಂಕ ಬರಬಹುದು, ಆರಿಸಲು ಆಗುವುದಿಲ್ಲ. ಅವನಿಗೆ ಎರಡು ದಿನ ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ. ಈ ವಿಷಯದ ಬೆನ್ನು ಹತ್ತಲು ನನಗೆ ನನ್ನದೇ ಕಾರಣ ಇದೆ. ಮೊದಲು ಅದನ್ನು ಹೇಳುತ್ತೇನೆ.

ಬ್ರೆಜಿಲ್‌ನ ಹಣ, ನಮ್ಮ ಜಗಲಿ

1997ರ ಜುಲೈ 2ರಂದು ಥಾಯ್ಲೆಂಡ್ ತನ್ನ ಬಾಟ್ ಹಣವನ್ನು ಡಾಲರ್‌ಗೆ ಕಟ್ಟಿದ್ದ ಹಗ್ಗ ಬಿಟ್ಟಿತು. ಅದರ ಬೆಲೆ ಕುಸಿಯಿತು. ಆ ಕುಸಿತ ಅಲ್ಲಿಂದ ಇಂಡೋನೇಷ್ಯಾ, ದಕ್ಷಿಣ ಕೊರಿಯಾಕ್ಕೆ ಹರಡಿತು. 1998ರ ಆಗಸ್ಟ್‌ನಲ್ಲಿ ರಷ್ಯಾ. 1999ರ ಜನವರಿಯಲ್ಲಿ ಬ್ರೆಜಿಲ್. ಬ್ರೆಜಿಲ್‌ನ ರಿಯಾಲ್ ಕುಸಿದಾಗ ಅಲ್ಲಿನ ಕಾಫಿ ಬೆಳೆಗಾರನಿಗೆ ಕಾಫಿಯ ಡಾಲರ್ ಬೆಲೆ ಇಳಿದರೂ ಕೈಗೆ ಬರುವ ರಿಯಾಲ್ ಜಾಸ್ತಿಯಾಯಿತು. ಅವನು ಮಾರಿದ. ಇನ್ನೊಂದು ಕಡೆ ವಿಯೆಟ್ನಾಂ ರೊಬಸ್ಟಾ ಸುರಿಯುತ್ತಿತ್ತು. ಬೆಲೆ ಹಿಡಿದು ನಿಲ್ಲಿಸುತ್ತಿದ್ದ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ 1989ರಲ್ಲೇ ಮುರಿದುಬಿದ್ದಿತ್ತು. ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಮಾರುತ್ತಿದ್ದ ನಮ್ಮ ಕಾಫಿ ಬೋರ್ಡಿನ ಪೂಲಿಂಗ್ ಪದ್ಧತಿಯೂ 1990ರ ದಶಕದ ಮಧ್ಯಕ್ಕೆ ಮುಗಿದಿತ್ತು. 1997ರಲ್ಲಿ ಪೌಂಡ್‌ಗೆ 3 ಡಾಲರ್ ದಾಟಿದ್ದ ನ್ಯೂಯಾರ್ಕ್ ಅರೇಬಿಕಾ 2001ರ ಕೊನೆಗೆ 50 ಸೆಂಟ್‌ಗಿಂತ ಕೆಳಗೆ ಬಂತು.

2002ರಲ್ಲಿ ನಮ್ಮ ಮಾವನವರ ಹೆಸರಿಗೆ ಬ್ಯಾಂಕಿನಿಂದ ನೋಟಿಸ್ ಬಂತು. ಸಾಲ ಮೂರು ಕಡೆ ಇತ್ತು. ತೋಟ ಅಡವಿಟ್ಟದ್ದು ಬ್ಯಾಂಕಿಗೆ. ಬೆಳೆ ಸಾಲ ಸಹಕಾರ ಸಂಘದಲ್ಲಿ. ಗೊಬ್ಬರಕ್ಕೆ, ಆಳಿನ ಬಟವಾಡೆಗೆ ಅಂತ ಕಾಫಿ ವ್ಯಾಪಾರಿಯ ಹತ್ತಿರ ತಂದ ಅಡ್ವಾನ್ಸ್ ಬೇರೆ. ಮೂವರಿಗೂ ಗೊತ್ತಿತ್ತು, ಪೂರ್ತಿ ಬರುವುದಿಲ್ಲ ಅಂತ. ಸ್ವಲ್ಪ ಬಿಟ್ಟು, ಸ್ವಲ್ಪ ಕಾದರೆ ಎಲ್ಲರಿಗೂ ಒಂದಷ್ಟು ಬರುತ್ತದೆ ಅಂತಲೂ ಗೊತ್ತಿತ್ತು. ಆದರೆ ಯಾರೂ ಮೊದಲು ಬಿಟ್ಟುಕೊಡಲು ತಯಾರಿರಲಿಲ್ಲ. ತಾನು ಬಿಟ್ಟದ್ದನ್ನು ಇನ್ನೊಬ್ಬ ಬಾಚಿಕೊಂಡರೆ? ವ್ಯಾಪಾರಿ ಒಂದು ಸಂಜೆ ಪಿಕಪ್ ತಂದು, ಇನ್ನೂ ಸರಿಯಾಗಿ ಒಣಗದ ಚೆರ್ರಿಯನ್ನೇ ತುಂಬಿಸಿಕೊಂಡು ಹೋದ. ಒಣಗಿಸಿ ಮಾರಿದ್ದರೆ ಅವನಿಗೂ ಜಾಸ್ತಿ ಸಿಗುತ್ತಿತ್ತು. ಮುಂದಿನ ವರ್ಷ ಗೊಬ್ಬರಕ್ಕೆ ದುಡ್ಡಿಲ್ಲ. ಬೆಳೆ ಇನ್ನೂ ಕಡಿಮೆ. ಹೀಗೆ ಮೂರು ವರ್ಷ ಹೋಯಿತು.

ದೇಶಗಳ ಸಾಲದ ಕಥೆ ಓದಿದಾಗ ನನಗೆ ಮತ್ತೆ ಮತ್ತೆ ಕಂಡದ್ದು ಆ ಪಿಕಪ್ಪೇ.

ಹೋಲಿಸುವಾಗ ಏನು ಕೇಳಬೇಕು

ಯಾವುದೇ ಸುಧಾರಣೆಯ ಮಾತು ಬಂದರೂ ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ಕಷ್ಟ ಬರುವ ಮುಂಚೆ ಕೆಲಸ ಮಾಡುತ್ತದಾ, ಬಂದ ಮೇಲಾ? ಎಷ್ಟು ಬೇಗ? ನಷ್ಟ ಯಾರ ತಲೆಗೆ ಬರುತ್ತದೆ, ಸಾಲ ಕೊಟ್ಟವರಿಗೂ ಪಾಲಿದೆಯಾ ಅಥವಾ ಊರಿನ ಜನ ಮಾತ್ರ ಹೊರಬೇಕಾ? ತೀರ್ಮಾನ ಮಾಡುವವರು ಯಾರು? ಮೂರನೆಯದನ್ನೇ ಎಲ್ಲರೂ ಮರೆಯುವುದು.

ಸ್ವಂತ ಡಾಲರ್ ಕೂಡಿಟ್ಟುಕೊಳ್ಳುವುದು

ಇದು ಭಾರತ ಹಿಡಿದ ದಾರಿ. 1991ರಲ್ಲಿ ನಮ್ಮ ಹತ್ತಿರ ಎರಡು ಮೂರು ವಾರದ ಆಮದಿಗೆ ಸಾಲುವಷ್ಟು ವಿದೇಶಿ ವಿನಿಮಯ ಉಳಿದಿತ್ತು. ಆ ವರ್ಷ ಮೊದಲು 20 ಟನ್ ಚಿನ್ನ ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಹೋಯಿತು. ಜುಲೈನಲ್ಲಿ ಇನ್ನೂ ಸುಮಾರು 47 ಟನ್ ಬ್ಯಾಂಕ್ ಆಫ್ ಇಂಗ್ಲೆಂಡ್, ಬ್ಯಾಂಕ್ ಆಫ್ ಜಪಾನ್ ಹತ್ತಿರ ಒತ್ತೆ ಬಿತ್ತು. ಮನೆಯ ಹೆಂಗಸರ ಚಿನ್ನ ಸೊಸೈಟಿಯಲ್ಲಿಟ್ಟು ಗೊಬ್ಬರ ತಂದವರಿಗೆ ಆ ಅವಮಾನ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಾಫಿಯ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟ ಅದೇ ವರ್ಷ ಇಲ್ಲವಾಯಿತು. ಎರಡೂ ಏಟು ಒಟ್ಟಿಗೇ ಬಿತ್ತು.

ಆಮೇಲೆ ದೇಶ ಪಾಠ ಕಲಿಯಿತು. ಈಗ ರಿಸರ್ವ್ ಬ್ಯಾಂಕಿನ ಹತ್ತಿರ 600 ಬಿಲಿಯನ್ ಡಾಲರಿಗೂ ಜಾಸ್ತಿ ಇದೆ. ಈ ದಾರಿಯ ದೊಡ್ಡ ಗುಣ ಅಂದರೆ ಯಾರ ಹತ್ತಿರವೂ ಕೈ ಚಾಚಬೇಕಿಲ್ಲ, ಯಾರ ಷರತ್ತೂ ಇಲ್ಲ. 2013ರ ಆಗಸ್ಟ್‌ನಲ್ಲಿ ರೂಪಾಯಿ ಡಾಲರ್‌ಗೆ 68 ದಾಟಿದಾಗ ಐಎಂಎಫ್ ಬಾಗಿಲು ತಟ್ಟದೆ ದಾಟಿಕೊಂಡೆವು. (ರೂಪಾಯಿ ಬಿದ್ದರೆ ಕಾಫಿಯವರಿಗೆ ಲಾಭ ಅಲ್ವಾ ಅಂತ ಕೇಳುತ್ತಾರೆ. ಮಾರುವಾಗ ಹೌದು. ಡೀಸೆಲ್, ಪೊಟ್ಯಾಷ್ ಕೊಳ್ಳುವಾಗ ಗೊತ್ತಾಗುತ್ತದೆ.)

ಇದರ ಖರ್ಚು ಕಣ್ಣಿಗೆ ಕಾಣುವುದಿಲ್ಲ. ಕೂಡಿಟ್ಟ ಡಾಲರ್ ಬಹುಪಾಲು ಅಮೆರಿಕ ಸರ್ಕಾರದಂಥ ಶ್ರೀಮಂತರ ಬಾಂಡುಗಳಲ್ಲಿ, ಅಂದರೆ ಸಾಲಪತ್ರಗಳಲ್ಲಿ, ಕಡಿಮೆ ಬಡ್ಡಿಗೆ ಕೂತಿರುತ್ತದೆ. ಅದೇ ಹೊತ್ತಿಗೆ ನಮ್ಮ ಕಂಪನಿಗಳು ಹೊರಗಿಂದ ಜಾಸ್ತಿ ಬಡ್ಡಿಗೆ ಸಾಲ ತರುತ್ತವೆ. ಬಡ ದೇಶ ಶ್ರೀಮಂತ ದೇಶಕ್ಕೆ ಅಗ್ಗದ ಸಾಲ ಕೊಟ್ಟಂತೆ ಆಯಿತು. ಜಾಂಬಿಯಾ, ಚಾಡ್‌ನಂಥ ದೇಶಕ್ಕೆ ಇಷ್ಟು ಕೂಡಿಡಲು ಸಾಧ್ಯವೂ ಇಲ್ಲ. 2021ರ ಆಗಸ್ಟ್‌ನಲ್ಲಿ ಐಎಂಎಫ್ ಎಲ್ಲ ಸದಸ್ಯ ದೇಶಗಳಿಗೂ ಸೇರಿ 650 ಬಿಲಿಯನ್ ಡಾಲರ್ ಬೆಲೆಯ ಎಸ್‌ಡಿಆರ್ (ಬೇಕಾದಾಗ ಬೇರೆ ದೇಶದ ಹತ್ತಿರ ಡಾಲರಿಗೆ ಬದಲಿಸಿಕೊಳ್ಳಬಹುದಾದ ಲೆಕ್ಕದ ಹಣ) ಹಂಚಿತು. ಹಂಚಿಕೆ ಕೋಟಾ ಪ್ರಕಾರ, ಅಂದರೆ ಐಎಂಎಫ್‌ನಲ್ಲಿ ಪಾಲು ದೊಡ್ಡದಿದ್ದವರಿಗೆ ಜಾಸ್ತಿ. ಇಡೀ ಆಫ್ರಿಕಾ ಖಂಡಕ್ಕೆ ಸಿಕ್ಕಿದ್ದು ಸುಮಾರು 33 ಬಿಲಿಯನ್. ಹಸಿದವನಿಗೆ ಸೌಟು ಚಿಕ್ಕದು.

ದೊಡ್ಡ ದೇಶಕ್ಕೆ ಈ ದಾರಿ ಸರಿ. ಇಡೀ ಜಗತ್ತಿಗೆ ಇದೇ ಮದ್ದು ಅಂದರೆ ನಾನು ಒಪ್ಪುವುದಿಲ್ಲ.

ಗೇಟಿನಲ್ಲೇ ತಡೆಯುವುದು

ಬಂದ ದಾರಿಯಲ್ಲೇ ರಾತ್ರೋರಾತ್ರಿ ಓಡಿಹೋಗುವ ಹಣ ಇದೆಯಲ್ಲ, ಅದಕ್ಕೆ ಒಳಗೆ ಬರುವಾಗಲೇ ಕಡಿವಾಣ ಹಾಕುವುದು ಈ ದಾರಿ. ಇದರಲ್ಲಿ ಎರಡು ಬಗೆ ಇದೆ, ಎರಡನ್ನೂ ಬೆರೆಸಬಾರದು.

ಒಂದು ಚಿಲಿಯ ಬಗೆ. 1991ರಿಂದ 1998ರವರೆಗೆ ಅಲ್ಲಿ ಹೊರಗಿಂದ ಬರುವ ಹಣದ ಒಂದು ಪಾಲನ್ನು ಕೇಂದ್ರ ಬ್ಯಾಂಕಿನಲ್ಲಿ ಬಡ್ಡಿಯಿಲ್ಲದೆ ಠೇವಣಿ ಇಡಬೇಕಿತ್ತು. ಮೊದಲು ಶೇ 20, ಆಮೇಲೆ ಶೇ 30. ಠೇವಣಿ ಒಂದು ವರ್ಷ ಸಿಕ್ಕಿಕೊಂಡಿರುತ್ತದೆ. ಐದು ವರ್ಷ ಇರಲು ಬಂದವನಿಗೆ ಇದು ಭಾರವಲ್ಲ, ಐದು ವಾರಕ್ಕೆ ಬಂದವನಿಗೆ ಭಾರ. ಬಂದ ಹಣದ ಮೊತ್ತ ಬಹಳ ಇಳಿಯಲಿಲ್ಲ, ಆದರೆ ದೀರ್ಘ ಅವಧಿಯ ಹಣದ ಪಾಲು ಹೆಚ್ಚಾಯಿತು. ಬೇಕಾದ್ದೂ ಅದೇ.

ಇನ್ನೊಂದು ಮಲೇಷ್ಯಾದ ಬಗೆ. ಬೆಂಕಿ ಬಿದ್ದ ಮೇಲೆ ಬಾಗಿಲು ಹಾಕಿದ್ದು. 1998ರ ಸೆಪ್ಟೆಂಬರ್ 1ರಂದು ಹಣ ಹೊರಹೋಗದಂತೆ ತಡೆದು, ಮರುದಿನ ರಿಂಗಿಟ್ ಅನ್ನು ಡಾಲರ್‌ಗೆ 3.80ರಂತೆ ಕಟ್ಟಿಹಾಕಿದರು. ಷೇರಿಗೆ ಬಂದಿದ್ದ ಹಣ ಒಂದು ವರ್ಷ ಹೊರಗೆ ಹೋಗುವಂತಿಲ್ಲ. ಆಗ ಇಡೀ ಜಗತ್ತು ಬೈದಿತು. ಆದರೆ ಮಲೇಷ್ಯಾ ಮುಳುಗಲಿಲ್ಲ, ಮರುವರ್ಷವೇ ಚೇತರಿಸಿಕೊಂಡಿತು. ಹಾಗಂತ ಅದು ಕಡಿವಾಣದ್ದೇ ಪವಾಡ ಅಂತ ಹೇಳಲು ಆಗುವುದಿಲ್ಲ. ಐಎಂಎಫ್ ದಾರಿ ಹಿಡಿದ ಕೊರಿಯಾ ಇನ್ನೂ ಜೋರಾಗಿ ಎದ್ದಿತ್ತು. ಮಲೇಷ್ಯಾ ಬಾಗಿಲು ಹಾಕುವ ಹೊತ್ತಿಗೆ ಓಡುವವರು ಬಹುಪಾಲು ಓಡಿಯೂ ಆಗಿತ್ತು.

ಹಾಗಾಗಿ ನನ್ನ ಆಯ್ಕೆ ಚಿಲಿಯ ಬಗೆ. ಮಳೆಗಾಲಕ್ಕೆ ಮುಂಚೆ ತೋಟದ ಚರಂಡಿ ಬಿಡಿಸುವ ಹಾಗೆ ಇದು. ಜುಲೈನಲ್ಲಿ ಗುದ್ದಲಿ ಹಿಡಿದು ಓಡಿದರೆ ಮಣ್ಣು ಹೋಗಿಯಾಗಿರುತ್ತದೆ. ಐಎಂಎಫ್ ಕೂಡ 2012ರಲ್ಲಿ, ಕೆಲವು ಸಂದರ್ಭದಲ್ಲಿ ಇಂಥ ಕಡಿವಾಣ ಸರಿ ಅಂತ ಅಧಿಕೃತವಾಗಿ ಒಪ್ಪಿಕೊಂಡಿತು. ಹದಿನೈದು ವರ್ಷ ಮೊದಲೇ ಒಪ್ಪಿದ್ದರೆ ಎಷ್ಟೋ ಮನೆ ಉಳಿಯುತ್ತಿತ್ತು.

ಪ್ರತಿ ವಿದೇಶಿ ವಿನಿಮಯದ ಮೇಲೂ ಚಿಕ್ಕ ತೆರಿಗೆ ಹಾಕಿ ಅಂತ ಅರ್ಥಶಾಸ್ತ್ರಜ್ಞ ಜೇಮ್ಸ್ ಟೋಬಿನ್ 1972ರಲ್ಲೇ ಹೇಳಿದ್ದರು. ವಿಚಾರ ಚೆನ್ನಾಗಿದೆ. ಆದರೆ ಎಲ್ಲ ದೇಶವೂ ಒಟ್ಟಿಗೆ ಹಾಕದಿದ್ದರೆ ವ್ಯವಹಾರ ಪಕ್ಕದ ಊರಿಗೆ ಹೋಗುತ್ತದೆ. ಅಷ್ಟು ಒಗ್ಗಟ್ಟು ಸದ್ಯಕ್ಕೆ ಕಾಣುವುದಿಲ್ಲ, ಅದಕ್ಕೇ ಅದನ್ನು ಹಿಂದಕ್ಕೆ ಇಟ್ಟಿದ್ದೇನೆ.

ಬ್ಯಾಂಕುಗಳನ್ನು ಬಿಗಿ ಮಾಡುವುದು

1974ರಲ್ಲಿ ಜರ್ಮನಿಯ ಹೆರ್‌ಸ್ಟಾಟ್ ಬ್ಯಾಂಕ್ ಬಿದ್ದ ಮೇಲೆ ಬ್ಯಾಂಕುಗಳಿಗೆ ನಿಯಮ ಹಾಕಿಕೊಡುವ ಬಾಸೆಲ್ ಸಮಿತಿ ಹುಟ್ಟಿತು. 1988ರಲ್ಲಿ, ಕೊಟ್ಟ ಸಾಲದ ಅಪಾಯಕ್ಕೆ ತಕ್ಕಂತೆ ಕನಿಷ್ಠ ಶೇ 8 ಬಂಡವಾಳ ಇಟ್ಟುಕೊಳ್ಳಿ ಅಂದರು. 2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೀಮನ್ ಬ್ರದರ್ಸ್ ಬ್ಯಾಂಕ್ ಬಿದ್ದ ಮೇಲೆ ಇನ್ನೂ ಬಿಗಿಯಾದ ಬಾಸೆಲ್ 3 ನಿಯಮ ಬಂತು. ನಮ್ಮ ರಿಸರ್ವ್ ಬ್ಯಾಂಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಶೇ 9 ಕೇಳುತ್ತದೆ. ಇದು ಬೇಕೇ ಬೇಕು, ಚರ್ಚೆಯೇ ಇಲ್ಲ. ಆದರೆ ಇದು ಬ್ಯಾಂಕಿಗೆ ಕಾವಲು. ಸರ್ಕಾರವೇ ಸಾಲದಲ್ಲಿ ಮುಳುಗಿದರೆ ಇದರಿಂದ ಉತ್ತರ ಸಿಗುವುದಿಲ್ಲ.

ಐಎಂಎಫ್ ಹತ್ತಿರ ಹೋಗುವುದು

ಇದರ ಒಂದು ಗುಣವನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಬೆಂಕಿ ಬಿದ್ದಾಗ ಇಷ್ಟು ಬೇಗ ಇಷ್ಟು ಹಣ ತರುವ ಇನ್ನೊಬ್ಬರಿಲ್ಲ. 1997ರ ಡಿಸೆಂಬರ್‌ನಲ್ಲಿ ಕೊರಿಯಾಕ್ಕೆ ಐಎಂಎಫ್ ಮತ್ತು ಇತರರು ಸೇರಿ ಸುಮಾರು 57 ಬಿಲಿಯನ್ ಡಾಲರ್ ಕಟ್ಟು ಕೆಲವೇ ದಿನಗಳಲ್ಲಿ ಸಿದ್ಧ ಮಾಡಿದರು.

ಆದರೆ ಬೆಲೆ? ಬಡ್ಡಿ ದರ ಶೇ 30ರ ಹತ್ತಿರ ಹೋಯಿತು. ಚೆನ್ನಾಗಿ ನಡೆಯುತ್ತಿದ್ದ ಸಣ್ಣ ಕಾರ್ಖಾನೆಗಳೂ ಮುಚ್ಚಿದವು. ಸುಮಾರು 35 ಲಕ್ಷ ಕೊರಿಯನ್ನರು ಮದುವೆ ಉಂಗುರ, ಮಕ್ಕಳ ಚಿನ್ನ ತಂದು ದೇಶದ ಸಾಲ ತೀರಿಸಲು ಕೊಟ್ಟರು. 220 ಟನ್‌ಗೂ ಜಾಸ್ತಿ ಸೇರಿತು. 2001ರ ಆಗಸ್ಟ್‌ನಲ್ಲಿ, ಗಡುವಿಗಿಂತ ಮೂರು ವರ್ಷ ಮೊದಲೇ ಐಎಂಎಫ್ ಸಾಲ ತೀರಿಸಿದರು. ಅದನ್ನು ಓದಿದಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಉಂಗುರ ಕೊಟ್ಟವರು ಆ ಸಾಲ ಮಾಡಿದವರಲ್ಲ.

ಇಂಡೋನೇಷ್ಯಾದಲ್ಲಿ ಇನ್ನೂ ಕೆಟ್ಟದಾಯಿತು. 1997ರ ನವೆಂಬರ್ 1ರಂದು ಐಎಂಎಫ್ ಕಾರ್ಯಕ್ರಮದ ಭಾಗವಾಗಿ 16 ಬ್ಯಾಂಕು ಮುಚ್ಚಿದರು. ಉಳಿದ ಬ್ಯಾಂಕಿನ ಠೇವಣಿಗೆ ಏನು ಖಾತ್ರಿ ಅಂತ ಸರಿಯಾಗಿ ಹೇಳಲಿಲ್ಲ. ಜನ ಎಲ್ಲ ಬ್ಯಾಂಕಿನ ಮುಂದೆಯೂ ಸಾಲು ನಿಂತರು.

ನನ್ನ ದೊಡ್ಡ ತಕರಾರು ಬೇರೆ. ಐಎಂಎಫ್ ಕೊಟ್ಟ ಹಣ ಎಷ್ಟೋ ಸಲ ಹಳೆಯ ಸಾಲ ಕೊಟ್ಟವರ ಕೈಗೇ ಹೋಗುತ್ತದೆ. 2010ರಲ್ಲಿ ಗ್ರೀಸ್‌ಗೆ ಯುರೋಪ್ ಮತ್ತು ಐಎಂಎಫ್ ಸೇರಿ 110 ಬಿಲಿಯನ್ ಯೂರೋ ಘೋಷಿಸಿದರು. ಸಾಲ ಕೊಟ್ಟವರಿಗೆ ಮುಂದಿನ ಎರಡು ವರ್ಷ ಪೂರ್ತಿ ಕಂತು ಸಿಕ್ಕಿತು. ಎಷ್ಟೋ ವಿದೇಶಿ ಬ್ಯಾಂಕು ಆ ಹೊತ್ತಲ್ಲಿ ಕೈ ತೊಳೆದುಕೊಂಡು ಹೊರಗೆ ಬಂದವು. 2012ರಲ್ಲಿ ಸಾಲ ಕಡಿತ ಮಾಡುವಾಗ ಉಳಿದವರು ಮಾತ್ರ ಸಿಕ್ಕಿಬಿದ್ದರು. ಕಡಿತವನ್ನು ಮೊದಲೇ ಮಾಡಬೇಕಿತ್ತು ಅಂತ 2013ರಲ್ಲಿ ಐಎಂಎಫ್ ತನ್ನದೇ ವರದಿಯಲ್ಲಿ ಹೇಳಿತು. ನಮ್ಮ ಮಾವನವರಿಗೆ ಯಾರಾದರೂ ಹೊಸ ಸಾಲ ಕೊಟ್ಟು ವ್ಯಾಪಾರಿಯ ಬಾಕಿ ತೀರಿಸಿ ಅಂದಿದ್ದರೆ ಹೇಗಿರುತ್ತಿತ್ತೋ ಹಾಗೆ. ವ್ಯಾಪಾರಿ ಖುಷಿ. ತೋಟದ ಸಾಲ ಒಂದು ರೂಪಾಯಿಯೂ ಕಡಿಮೆಯಾಗಿಲ್ಲ.

ತೀರ್ಮಾನ ಯಾರದು ಅನ್ನುವ ಪ್ರಶ್ನೆಗೂ ಇಲ್ಲಿ ಉತ್ತರ ಸರಿ ಇಲ್ಲ. ದೊಡ್ಡ ತೀರ್ಮಾನಕ್ಕೆ ಶೇ 85 ಮತ ಬೇಕು. ಅಮೆರಿಕ ಒಂದರ ಹತ್ತಿರವೇ ಸುಮಾರು ಶೇ 16.5 ಇದೆ. ಅದು ಬೇಡ ಅಂದರೆ ಮುಗಿಯಿತು. 140 ಕೋಟಿ ಜನರ ಭಾರತಕ್ಕೆ ಇರುವುದು ಶೇ 2.6ರಷ್ಟು. ಈ ಲೆಕ್ಕ ಬದಲಾಗದೆ ಐಎಂಎಫ್ ಸುಧಾರಣೆ ಅನ್ನುವ ಮಾತಿಗೆ ತೂಕ ಇಲ್ಲ.

ನೆರೆಹೊರೆಯವರ ಹುಂಡಿ

ಐಎಂಎಫ್ ಬೇಡ ಅಂದವರು, ಕಷ್ಟ ಬಂದಾಗ ಒಬ್ಬರಿಗೊಬ್ಬರು ಡಾಲರ್ ಕೊಡೋಣ ಅಂತ ಕಟ್ಟಿಕೊಂಡದ್ದು ಇದು. 2000ದ ಮೇ ತಿಂಗಳಲ್ಲಿ ಏಷ್ಯಾದ ದೇಶಗಳ ಚಿಯಾಂಗ್ ಮಾಯ್ ಒಪ್ಪಂದ ಆಯಿತು. ಈಗ ಅದರ ಗಾತ್ರ 240 ಬಿಲಿಯನ್ ಡಾಲರ್. 2014ರಲ್ಲಿ ಬ್ರಿಕ್ಸ್ ದೇಶಗಳದ್ದು 100 ಬಿಲಿಯನ್. ಅದರಲ್ಲಿ ಚೀನಾ 41, ಭಾರತ, ಬ್ರೆಜಿಲ್, ರಷ್ಯಾ ತಲಾ 18, ದಕ್ಷಿಣ ಆಫ್ರಿಕಾ 5.

ಕೇಳಲು ಚೆನ್ನಾಗಿದೆ. ಆದರೆ 2008ರ ಅಕ್ಟೋಬರ್‌ನಲ್ಲಿ ಕೊರಿಯಾಕ್ಕೆ ಡಾಲರ್ ಬೇಕಾದಾಗ ಅದು ಈ ಹುಂಡಿಗೆ ಕೈ ಹಾಕಲಿಲ್ಲ. ಅಮೆರಿಕದ ಕೇಂದ್ರ ಬ್ಯಾಂಕು ಫೆಡರಲ್ ರಿಸರ್ವ್ ಹತ್ತಿರ, ತನ್ನ ಹಣ ಕೊಟ್ಟು 30 ಬಿಲಿಯನ್‌ವರೆಗೆ ಡಾಲರ್ ಪಡೆಯುವ ಅದಲು ಬದಲು ವ್ಯವಸ್ಥೆ ಮಾಡಿಕೊಂಡಿತು. ಎರಡೂ ಹುಂಡಿಯಲ್ಲಿ ದೊಡ್ಡ ಪಾಲು ತೆಗೆಯಬೇಕಾದರೆ ಐಎಂಎಫ್ ಕಾರ್ಯಕ್ರಮ ಇರಲೇಬೇಕು ಅನ್ನುವ ಷರತ್ತಿದೆ. ತಪ್ಪಿಸಿಕೊಂಡು ಬಂದ ಮನೆಯ ಬೀಗದ ಕೈ ಮತ್ತೆ ಅವರ ಹತ್ತಿರವೇ ಇದೆ.

2022ರಲ್ಲಿ ಶ್ರೀಲಂಕಾದಲ್ಲಿ ಪೆಟ್ರೋಲ್‌ಗೆ ಕಿಲೋಮೀಟರ್ ಉದ್ದದ ಸಾಲು ನಿಂತಿತ್ತು. ಆಗ ಭಾರತ ಸುಮಾರು 4 ಬಿಲಿಯನ್ ಡಾಲರ್ ನೆರವು ಕೊಟ್ಟಿತು. ಇಂಧನ, ಔಷಧಿ, ಗೊಬ್ಬರ. ಐಎಂಎಫ್‌ನ ಸುಮಾರು 3 ಬಿಲಿಯನ್ ಡಾಲರ್ ಸಾಲಕ್ಕೆ ಒಪ್ಪಿಗೆ ಸಿಕ್ಕಿದ್ದು 2023ರ ಮಾರ್ಚ್‌ನಲ್ಲಿ. ನೆರೆಮನೆಯವರು ಕೊಡುವ ಕೈಗಡ ಆ ವಾರದ ಅಕ್ಕಿಗೆ ಆಗುತ್ತದೆ. ತೋಟದ ಸಾಲ ತೀರಿಸಲು ಅಲ್ಲ. ಆ ವಾರದ ಅಕ್ಕಿಯೂ ಸಣ್ಣ ವಿಷಯ ಅಲ್ಲ.

ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸುವುದು

ಇಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುತ್ತೇನೆ. ಇದೇ ಇವತ್ತಿಗೂ ಖಾಲಿ ಇರುವ ಜಾಗ.

ಕಂಪನಿ ಮುಳುಗಿದರೆ ನಮ್ಮಲ್ಲಿ 2016ರ ದಿವಾಳಿ ಕಾನೂನು ಇದೆ. ಅರ್ಜಿ ಒಪ್ಪಿಕೊಂಡ ದಿನದಿಂದಲೇ ವಸೂಲಿಗೆ ತಡೆ ಬೀಳುತ್ತದೆ. ಯಾರೂ ಪಿಕಪ್ ತಂದು ಮಾಲು ತುಂಬಿಸಿಕೊಂಡು ಹೋಗುವ ಹಾಗಿಲ್ಲ. ಆಮೇಲೆ ಸಾಲ ಕೊಟ್ಟವರ ಸಮಿತಿ ಕೂತು ಮಾತಾಡುತ್ತದೆ. ದೇಶಕ್ಕೆ ಇಂಥದ್ದು ಇಲ್ಲ. ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅರ್ಜೆಂಟೀನಾ ನೋಡಬೇಕು. 2001ರ ಕೊನೆಯಲ್ಲಿ ಅದು ಸುಮಾರು 95 ಬಿಲಿಯನ್ ಡಾಲರ್ ಸಾಲ ಕಟ್ಟಲು ಆಗುವುದಿಲ್ಲ ಅಂದಿತು. 2005, 2010ರಲ್ಲಿ ಸಾಲ ಕೊಟ್ಟವರಲ್ಲಿ ಸುಮಾರು ಶೇ 93ರಷ್ಟು ಜನ ಕಡಿತಕ್ಕೆ ಒಪ್ಪಿದರು. ಉಳಿದ ಶೇ 7ರಲ್ಲಿ ಕೆಲವು ಫಂಡುಗಳು ಆ ಬಾಂಡುಗಳನ್ನು ಪುಡಿಗಾಸಿಗೆ ಕೊಂಡು ಪೂರ್ತಿ ಹಣ ಬೇಕು ಅಂತ ನ್ಯೂಯಾರ್ಕ್ ಕೋರ್ಟಿಗೆ ಹೋದವು. 2012ರ ಅಕ್ಟೋಬರ್‌ನಲ್ಲಿ ಅಂಥ ಒಂದು ಫಂಡು, ಘಾನಾದ ಬಂದರಿನಲ್ಲಿ ನಿಂತಿದ್ದ ಅರ್ಜೆಂಟೀನಾ ನೌಕಾಪಡೆಯ ತರಬೇತಿ ಹಡಗು ಲಿಬರ್ಟಾಡ್ ಅನ್ನೇ ಕೋರ್ಟ್ ಆದೇಶ ತಂದು ತಡೆಹಿಡಿಸಿತು. ಅಂತಾರಾಷ್ಟ್ರೀಯ ಸಮುದ್ರ ನ್ಯಾಯಮಂಡಳಿ ಡಿಸೆಂಬರ್‌ನಲ್ಲಿ ಬಿಡಿಸಿತು. ಕೊನೆಗೆ 2016ರಲ್ಲಿ ಸುಮಾರು 9.3 ಬಿಲಿಯನ್ ಡಾಲರ್ ಕೊಟ್ಟು ರಾಜಿ ಮಾಡಿಕೊಂಡರು. ಮೊದಲೇ ಬಿಟ್ಟುಕೊಟ್ಟವರಿಗೆ ಕಡಿಮೆ, ಹಟ ಹಿಡಿದವರಿಗೆ ಜಾಸ್ತಿ. ಇದನ್ನು ನೋಡಿದವರು ಮುಂದಿನ ಸಲ ಯಾಕೆ ಒಪ್ಪುತ್ತಾರೆ?

ಈ ಜಾಗ ತುಂಬಲು ಮೂರು ಪ್ರಯತ್ನ ಆಗಿದೆ.

ಬಾಂಡಿನ ಪತ್ರದಲ್ಲೇ ಬಹುಮತದ ಕಲಮು ಹಾಕುವುದು ಒಂದು. ನಿಗದಿಯಾದಷ್ಟು ಜನ ಒಪ್ಪಿದರೆ ಉಳಿದವರಿಗೂ ಅದೇ ಅನ್ವಯ. 2003ರಲ್ಲಿ ಮೆಕ್ಸಿಕೋ ನ್ಯೂಯಾರ್ಕ್ ಕಾನೂನಿನ ಬಾಂಡಿನಲ್ಲಿ ಇದನ್ನು ಹಾಕಿದ ಮೇಲೆ ಬೇರೆಯವರೂ ಹಾಕಿದರು. 2014ರಲ್ಲಿ ಕಲಮು ಇನ್ನೂ ಗಟ್ಟಿಯಾಯಿತು. ಸುಲಭ, ಅಗ್ಗ, ಕೆಲಸವೂ ಮಾಡುತ್ತದೆ. ಆದರೆ ಇದು ಬಾಂಡಿಗೆ ಮಾತ್ರ. ಸರ್ಕಾರಗಳು ಕೊಟ್ಟ ಸಾಲಕ್ಕೂ ಬ್ಯಾಂಕ್ ಸಾಲಕ್ಕೂ ಇದು ತಾಗುವುದಿಲ್ಲ.

ಎರಡನೆಯದು 2020ರ ನವೆಂಬರ್‌ನಲ್ಲಿ ಜಿ20 ದೇಶಗಳು ಸಾಲ ಕಡಿತದ ಮಾತುಕತೆಗೆ ಮಾಡಿದ ಸಾಮಾನ್ಯ ಚೌಕಟ್ಟು. ಚೀನಾವನ್ನೂ ಹಳೆಯ ಸಾಲದಾತ ದೇಶಗಳ ಜೊತೆ ಕೂರಿಸಿದ್ದು ಇದರ ಒಳ್ಳೆಯ ಗುಣ. ಆದರೆ ನಿಧಾನ ನೋಡಿ. ಜಾಂಬಿಯಾ 2020ರ ನವೆಂಬರ್‌ನಲ್ಲಿ ಕಂತು ತಪ್ಪಿತು. ಸರ್ಕಾರಗಳ ಒಪ್ಪಿಗೆ 2023ರ ಜೂನ್‌ಗೆ, ಬಾಂಡ್‌ನವರದ್ದು 2024ಕ್ಕೆ. ಅಷ್ಟು ವರ್ಷ ಮಾತುಕತೆ ನಡೆಯುತ್ತಿದ್ದಾಗ ಅಲ್ಲಿನ ಆಸ್ಪತ್ರೆ, ಶಾಲೆ ಹೇಗೆ ನಡೆಯಬೇಕು? ಇದು ಬಡ ದೇಶಗಳಿಗೆ ಮಾತ್ರ. ಮಧ್ಯಮ ಆದಾಯದ ಶ್ರೀಲಂಕಾಕ್ಕೆ ಇದರಲ್ಲಿ ಜಾಗ ಇರಲಿಲ್ಲ. ಅದಕ್ಕೆ ಭಾರತ, ಜಪಾನ್, ಫ್ರಾನ್ಸ್ ಸೇರಿ ಬೇರೆ ಸಮಿತಿ ಕಟ್ಟಬೇಕಾಯಿತು.

ಮೂರನೆಯದು ನಿಜವಾದ ದಿವಾಳಿ ಕಾನೂನು. 2001ರ ನವೆಂಬರ್‌ನಲ್ಲಿ, ಆಗ ಐಎಂಎಫ್‌ನ ಎರಡನೇ ಸ್ಥಾನದಲ್ಲಿದ್ದ ಆ್ಯನ್ ಕ್ರೂಗರ್ ಇದನ್ನು ಮುಂದಿಟ್ಟರು. ದೇಶ ಕೇಳಿದರೆ ವಸೂಲಿಗೆ ತಡೆ. ಎಲ್ಲ ಬಗೆಯ ಸಾಲದವರೂ ಒಟ್ಟಿಗೆ ಕೂರಬೇಕು. ಬಹುಮತ ಒಪ್ಪಿದರೆ ಎಲ್ಲರಿಗೂ ಒಪ್ಪಿಗೆ. ವ್ಯಾಜ್ಯಕ್ಕೆ ಬೇರೆ ಪೀಠ. ಹಣಕಾಸು ಮಾರುಕಟ್ಟೆಯವರು ವಿರೋಧಿಸಿದರು. ಅಮೆರಿಕ ಒಪ್ಪಲಿಲ್ಲ. ಮೆಕ್ಸಿಕೋ, ಬ್ರೆಜಿಲ್‌ನಂಥ ಸಾಲ ತರುವ ದೇಶಗಳೂ ಬಡ್ಡಿ ಜಾಸ್ತಿಯಾದೀತು ಅಂತ ಹೆದರಿದವು. 2003ರ ಏಪ್ರಿಲ್‌ಗೆ ಕೈಬಿಟ್ಟರು. 2015ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಇದೇ ದಿಕ್ಕಿನ ಒಂಬತ್ತು ತತ್ವಗಳನ್ನು 136 ಮತಗಳಿಂದ ಒಪ್ಪಿತು, 6 ದೇಶ ವಿರೋಧ. ಆದರೆ ಅದಕ್ಕೆ ಕಾನೂನಿನ ಬಲ ಇಲ್ಲ.

ಆ ಹೆದರಿಕೆ ಸುಳ್ಳಲ್ಲ. ದಿವಾಳಿ ಸುಲಭ ಆದರೆ ಸಾಲ ತರುವವರು ಉಡಾಫೆ ಮಾಡಬಹುದು, ಕೊಡುವವರು ಬಡ್ಡಿ ಏರಿಸಬಹುದು. ಆದರೂ ನನ್ನ ಲೆಕ್ಕದಲ್ಲಿ ತಡ ಮಾಡುವುದರ ಖರ್ಚು ಅದಕ್ಕಿಂತ ಜಾಸ್ತಿ. 1982ರ ಆಗಸ್ಟ್‌ನಲ್ಲಿ ಮೆಕ್ಸಿಕೋ ಕೈ ಎತ್ತಿದ ಮೇಲೆ ಅಮೆರಿಕದ ಖಜಾನೆ ಕಾರ್ಯದರ್ಶಿ ಬ್ರಾಡಿ ಅವರ ಯೋಜನೆಯಲ್ಲಿ ಸಾಲ ಕಡಿತಕ್ಕೆ ದಾರಿಯಾಗಲು 1989 ಆಗಬೇಕಾಯಿತು. ಅಲ್ಲಿಯವರೆಗೆ ಹಳೆಯ ಸಾಲಕ್ಕೆ ಹೊಸ ಸಾಲ. ಲ್ಯಾಟಿನ್ ಅಮೆರಿಕದವರು ಅದನ್ನು ಕಳೆದುಹೋದ ದಶಕ ಅಂತಲೇ ಕರೆಯುತ್ತಾರೆ. ಇದಕ್ಕೆ ತದ್ವಿರುದ್ಧ, 1953ರ ಲಂಡನ್ ಒಪ್ಪಂದದಲ್ಲಿ ಪಶ್ಚಿಮ ಜರ್ಮನಿಯ ಹೊರಸಾಲದಲ್ಲಿ ಸುಮಾರು ಅರ್ಧ ಮನ್ನಾ ಮಾಡಿ, ಉಳಿದದ್ದನ್ನು ಕಟ್ಟುವ ಶಕ್ತಿ ನೋಡಿ ಹಂಚಿದರು. ಆ ದೇಶ ಎದ್ದು ನಿಂತಿತು.

ಮಳೆಯ ಕಲಮು

ಇದು ಚಿಕ್ಕದು, ನನಗೆ ಬಹಳ ಹಿಡಿಸಿದ್ದು. ಗ್ರೆನಡಾ ಅನ್ನುವ ಕೆರಿಬಿಯನ್ ದ್ವೀಪ ತನ್ನ ಬಾಂಡಿನಲ್ಲಿ ಒಂದು ಕಲಮು ಹಾಕಿಸಿಕೊಂಡಿತ್ತು. ಚಂಡಮಾರುತ ಬಂದು ಇಷ್ಟು ನಷ್ಟವಾದರೆ ಕಂತು ಸ್ವಲ್ಪ ಕಾಲ ಮುಂದಕ್ಕೆ. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಬಂತು. ಗ್ರೆನಡಾ ಆ ಕಲಮು ಬಳಸಿತು. ಕಂತಿನ ಹಣ ಮನೆ ಕಟ್ಟಲು ಉಳಿಯಿತು. ಬಾರ್ಬಡೋಸ್ ಪ್ರಧಾನಿ ಮಿಯಾ ಮೊಟ್ಲಿ ಇಂಥ ಕಲಮು ಎಲ್ಲ ಸಾಲಕ್ಕೂ ಇರಲಿ ಅಂತ 2022ರಿಂದ ಒತ್ತಾಯಿಸುತ್ತಿದ್ದಾರೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡ ಜಾರಿದ್ದನ್ನು ನೋಡಿದವರಿಗೆ ಇದರ ಅರ್ಥ ತಕ್ಷಣ ಆಗುತ್ತದೆ. ತೋಟವೇ ಹೊಳೆಗೆ ಹೋಗಿರುತ್ತದೆ, ಕಂತಿನ ದಿನಾಂಕ ಮಾತ್ರ ಜಾಗ ಬಿಟ್ಟು ಅಲ್ಲಾಡುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ದೊಡ್ಡ ದೇಶವಾದರೆ ಸ್ವಂತ ಡಾಲರ್ ಜೊತೆಗೆ ಚಿಲಿ ಬಗೆಯ ಗೇಟು. ಚಿಕ್ಕ ದ್ವೀಪವಾದರೆ ಮಳೆಯ ಕಲಮು ಮೊದಲು, ಅದನ್ನು ಸಾಲ ತರುವ ದಿನವೇ ಬರೆಸಿಕೊಳ್ಳಬೇಕು. ಹಣ ಇದೆ ಆದರೆ ಕೈಗೆ ಸಿಗುತ್ತಿಲ್ಲ ಅನ್ನುವ ಕೊರಿಯಾದಂಥ ಸ್ಥಿತಿಯಲ್ಲಿ ಐಎಂಎಫ್ ಸರಿ, ಬೇಗ ಹೋಗಬೇಕು. ನಿಜಕ್ಕೂ ಕಟ್ಟಲಾಗದ ಸಾಲವಾದರೆ ಐಎಂಎಫ್ ಸಾಲ ಒಂದೇ ಮದ್ದಲ್ಲ, ಕಡಿತ ಬೇಕು, ಅದೂ ಮೊದಲ ವರ್ಷದಲ್ಲೇ. ಇವೆರಡನ್ನೂ ಬೇರೆ ಮಾಡಿ ನೋಡದಿರುವುದೇ ನಲವತ್ತು ವರ್ಷದ ತಪ್ಪು.

"ಒಂದೇ ಆರಿಸು ಅಂದ್ರೆ?" ಅಂದ ಹುಡುಗ.

ವಸೂಲಿಗೆ ತಡೆ, ಅಂದೆ. ಪೂರ್ತಿ ದಿವಾಳಿ ಕಾನೂನು ಬರಲು ಎಷ್ಟು ಕಾಲ ಬೇಕೋ. ಆದರೆ ಮಾತುಕತೆ ನಡೆಯುವಷ್ಟು ದಿನ ಯಾರೂ ಕೋರ್ಟಿಗೆ ಹೋಗಬಾರದು ಅನ್ನುವ ಒಂದೇ ನಿಯಮ ತರುವುದು ಅಷ್ಟು ಕಷ್ಟವಲ್ಲ. ಬಾಂಡುಗಳು ಬಹುಪಾಲು ನ್ಯೂಯಾರ್ಕ್ ಇಲ್ಲವೇ ಲಂಡನ್ ಕಾನೂನಿನ ಕೆಳಗೆ ಇರುವುದರಿಂದ ಅಲ್ಲಿನ ಶಾಸನ ಬದಲಾದರೂ ಬಹಳ ದೂರ ಹೋದಂತೆ. ಬ್ರಿಟನ್ 2010ರಲ್ಲಿ ಬಹಳ ಬಡ ದೇಶಗಳ ಹಳೆಯ ಸಾಲದ ಮಟ್ಟಿಗೆ ಹೆಚ್ಚು ವಸೂಲಿ ಮಾಡದಂತೆ ಕಾನೂನು ಮಾಡಿದೆ. ಅದನ್ನೇ ಹಿಗ್ಗಿಸಲಿ. 1991ರಲ್ಲಿ ಸಾಲಕ್ಕೆ ನಿಂತಿದ್ದ ಭಾರತ ಇವತ್ತು ಶ್ರೀಲಂಕಾಕ್ಕೆ ಸಾಲ ಕೊಟ್ಟವರ ಸಾಲಿನಲ್ಲಿ ಕೂತಿದೆ. ಎರಡೂ ಕಡೆಯ ನೋವು ಗೊತ್ತಿರುವ ದೇಶ ಈ ಮಾತನ್ನು ಎತ್ತಬೇಕು.

ಅವನಿಗೆ ನಂಬಿಕೆ ಬರಲಿಲ್ಲವೋ ಏನೋ, ಒಂದು ನಿಯಮದಿಂದ ಅಷ್ಟೆಲ್ಲ ಆಗುತ್ತದಾ ಅಂದ. ಒಳಗೆ ಹೋಗಿ ಬೀರುವಿನಿಂದ ಒಂದು ಕಾಗದ ತಂದು ತೋರಿಸಿದೆ. 2005ರದ್ದು. ಊರಿನ ಹಿರಿಯರೊಬ್ಬರು ಹಟ ಹಿಡಿದು ಮೂರೂ ಕಡೆಯವರನ್ನು ನಮ್ಮ ಜಗಲಿಗೆ ಕರೆಸಿದ್ದರು. ಎರಡು ಸಲ ಕಾಫಿ ಆಯಿತು, ಒಮ್ಮೆ ಊಟ ಆಯಿತು. ಸಂಜೆ ಹೊತ್ತಿಗೆ ಬರೆದದ್ದು ಅರ್ಧ ಪುಟ. ಬ್ಯಾಂಕು ಬಡ್ಡಿಯಲ್ಲಿ ಎಷ್ಟು ಬಿಡಬೇಕು, ಸಂಘ ಎಷ್ಟು ಕಂತು ಮಾಡಬೇಕು, ವ್ಯಾಪಾರಿಗೆ ಎಷ್ಟು ಮೂಟೆ ಅನ್ನುವುದೆಲ್ಲ ಕೆಳಗೆ ಇದೆ. ಮೊದಲನೆಯ ಸಾಲು ಮಾತ್ರ ಹಿರಿಯರು ತಮ್ಮ ಕೈಯಲ್ಲೇ ಬರೆದದ್ದು: "ಬರುವ ಕೊಯ್ಲು ಮುಗಿಯುವ ತನಕ ಮೂವರಲ್ಲಿ ಯಾರೂ ಕಣಕ್ಕೆ ಬರತಕ್ಕದ್ದಲ್ಲ."